ಔಷಧಿ ಯಾವಾಗ, ಅಪರಾಧ ಯಾವಾಗ? ಗಾಂಜಾ ಕಾನೂನು ಮತ್ತು ನಮ್ಮ ಕಾಲೇಜು



ಪ್ರತಿ ವರ್ಷ ಜೂನ್ 26ರಂದು ಮಾದಕ ವಸ್ತು ವಿರೋಧಿ ದಿನ ಬರುತ್ತದೆ. ಸಾಲಾಗಿ ನಿಂತು ಪ್ರತಿಜ್ಞೆ ಮಾಡುತ್ತೇವೆ, ಮತ್ತೆ ತರಗತಿಗೆ ಹೋಗುತ್ತೇವೆ. ಆದರೆ ಪ್ರತಿಜ್ಞೆಯಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಮ್ಮಲ್ಲಿ ಹಲವರು ಕೇಳುತ್ತಾರೆ: “ಅಮೆರಿಕದಲ್ಲಿ ಡಾಕ್ಟರೇ ಗಾಂಜಾ ಕೊಡಿಸುತ್ತಾರಂತೆ. ಮತ್ತೆ ಇಲ್ಲಿ ಯಾಕೆ ಜೈಲು?” ಕೇಳಬೇಕಾದ ಪ್ರಶ್ನೆಯೇ ಇದು. ಉತ್ತರ ಗೊತ್ತಿಲ್ಲದಿದ್ದರೆ ಎರಡು ಕಡೆಯಿಂದಲೂ ಅಪಾಯ. “ಔಷಧಿ ತಾನೇ” ಎಂದು ನಂಬಿ ಒಬ್ಬ ಸಿಕ್ಕಿಬೀಳಬಹುದು. ನಿಜವಾಗಿ ಔಷಧಿ ಬೇಕಾದ ಇನ್ನೊಬ್ಬರು ಹೆದರಿ ಮಾತ್ರೆಯನ್ನೇ ಬಿಡಬಹುದು.

ಒಂದೇ ಗಿಡ, ಬೇರೆ ಬೇರೆ ಲೆಕ್ಕ

ನಮ್ಮ ದೇಶದಲ್ಲಿ ಇದಕ್ಕೆ ಇರುವ ಮುಖ್ಯ ಕಾನೂನು 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕಾರಿ ವಸ್ತುಗಳ ಕಾಯ್ದೆ. ಎಲ್ಲರೂ ಎನ್‌ಡಿಪಿಎಸ್ ಎನ್ನುತ್ತಾರೆ. ಈ ಕಾಯ್ದೆ ಗಿಡವನ್ನು ಭಾಗ ಭಾಗವಾಗಿ ನೋಡುತ್ತದೆ. ಹೂ ಮತ್ತು ಕಾಯಿ ಬಿಡುವ ತುದಿ ಗಾಂಜಾ. ಅದರ ಅಂಟು ಚರಸ್. ಇವೆರಡೂ ನಿಷಿದ್ಧ. ಬರೀ ಬೀಜ ಮತ್ತು ಎಲೆ, ತುದಿಯ ಜೊತೆ ಇಲ್ಲದಿದ್ದರೆ, ಗಾಂಜಾ ಎಂಬ ಅರ್ಥದಲ್ಲಿ ಸೇರುವುದಿಲ್ಲ. ಎಲೆಯಿಂದ ಮಾಡುವ ಭಂಗಿ ಎನ್‌ಡಿಪಿಎಸ್ ಕೆಳಗೆ ಬರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿತು. ಹಾಗೆಂದು ಭಂಗಿ ಸೊಪ್ಪನ್ನು ಯಾರು ಬೇಕಾದರೂ ಮಾರಬಹುದು ಎಂದು ಅರ್ಥವಲ್ಲ. ಅದು ರಾಜ್ಯದ ಅಬಕಾರಿ ಕಾನೂನಿನ ವ್ಯಾಪ್ತಿಗೆ ಬರುತ್ತದೆ.

ನಾವು ಕಾಮರ್ಸ್‌ನವರು ‘ವಾಣಿಜ್ಯ’ ಎಂದರೆ ಲಾಭಕ್ಕಾಗಿ ಮಾಡುವ ವ್ಯವಹಾರ ಎಂದು ಓದುತ್ತೇವೆ. ಈ ಕಾಯ್ದೆಯಲ್ಲಿ ‘ವಾಣಿಜ್ಯ ಪ್ರಮಾಣ’ ಎಂದರೆ ತೂಕ. ಗಾಂಜಾ 1 ಕಿಲೋವರೆಗೆ ಸಣ್ಣ ಪ್ರಮಾಣ: 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಹೆಚ್ಚು, ಆದರೆ ವಾಣಿಜ್ಯ ಪ್ರಮಾಣಕ್ಕಿಂತ ಕಡಿಮೆ ಇದ್ದರೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ: ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ. ಸಣ್ಣ ಪ್ರಮಾಣವೂ ಅಪರಾಧವೇ ಎಂಬುದನ್ನು ಗಮನಿಸಿ.

ದವಾ ಮತ್ತು ನಶಾ

ನಮ್ಮ ಮನೆಯ ಮಾತು ಉರ್ದು. ಔಷಧಿಗೆ ದವಾ, ಅಮಲಿಗೆ ನಶಾ ಎನ್ನುತ್ತೇವೆ. ಡಾಕ್ಟರ್ ಅಥವಾ ಹಕೀಮರು ಬರೆದುಕೊಡುವ ಚೀಟಿ ನುಸ್ಖಾ. ಕಾನೂನನ್ನು ಓದಿದ ಮೇಲೆ ನನಗೆ ಅನ್ನಿಸಿದ್ದು, ದವಾ ಮತ್ತು ನಶಾ ನಡುವಿನ ಗೆರೆ ಈ ನುಸ್ಖಾದ ಹತ್ತಿರ ಇದೆ. ಆದರೆ ನುಸ್ಖಾ ಒಂದೇ ಸಾಲದು.

ಎನ್‌ಡಿಪಿಎಸ್ ಕಾಯ್ದೆಯ 8ನೇ ಸೆಕ್ಷನ್ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಜಾಗ ಬಿಟ್ಟಿದೆ. ಆದರೆ ಕಾಯ್ದೆ ಮತ್ತು ನಿಯಮಗಳು ಹೇಳಿದ ರೀತಿಯಲ್ಲಿ, ಬೇಕಾದ ಕಡೆ ಲೈಸೆನ್ಸ್ ಪಡೆದು ಮಾತ್ರ. “ನನ್ನ ತಲೆನೋವಿಗೆ ಇಟ್ಟುಕೊಂಡಿದ್ದೆ” ಎಂಬ ಬಾಯಿಮಾತು ಲೈಸೆನ್ಸ್ ಆಗುವುದಿಲ್ಲ. ಆಯುರ್ವೇದ ಮತ್ತು ಯುನಾನಿಯಲ್ಲಿ ಭಂಗಿಯ ಎಲೆಯನ್ನು ಹಿಂದಿನಿಂದಲೂ ಔಷಧಿಗೆ ಬಳಸುತ್ತಾರೆ. ಆಯುರ್ವೇದದಲ್ಲಿ ಅದರ ಹೆಸರು ವಿಜಯಾ. ಔಷಧ ನಿಯಮಗಳು ಅದನ್ನು ವಿಷಕಾರಿ ವಸ್ತುಗಳ ಪಟ್ಟಿಯಲ್ಲಿ ಇಟ್ಟಿವೆ. ಆದ್ದರಿಂದ ಅದನ್ನು ಸೇರಿಸಿದ ಔಷಧಿಯನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು. ಇಂಥ ಔಷಧಿ ಕೊಡುವ ಒಂದು ಕ್ಲಿನಿಕ್ 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಆರಂಭವಾಯಿತು.

ಹೊರದೇಶದಲ್ಲಿ ಹೇಗೆ?

ಗಿಡದಲ್ಲಿ ಟಿಎಚ್‌ಸಿ, ಸಿಬಿಡಿ ಎಂಬ ಎರಡು ಮುಖ್ಯ ಅಂಶಗಳಿವೆ. ಅಮಲು ಕೊಡುವುದು ಟಿಎಚ್‌ಸಿ. ಸಿಬಿಡಿ ಅಮಲು ಕೊಡುವುದಿಲ್ಲ. ಶುದ್ಧ ಸಿಬಿಡಿಯಿಂದ ಮಾಡಿದ ಎಪಿಡಿಯೋಲೆಕ್ಸ್ ಎಂಬ ಔಷಧಿಗೆ ಅಮೆರಿಕ 2018ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದು ಮಕ್ಕಳಿಗೆ ಬರುವ ಎರಡು ಅಪರೂಪದ, ತೀವ್ರ ರೀತಿಯ ಫಿಟ್ಸ್‌ಗೆ. ಅಲ್ಲಿನ ನ್ಯೂಜೆರ್ಸಿ 2015ರಲ್ಲಿ, ಕೊಲೊರಾಡೊ 2016ರಲ್ಲಿ ಶಾಲೆಯ ಒಳಗೂ ವೈದ್ಯಕೀಯ ಗಾಂಜಾ ಔಷಧಿ ಕೊಡಲು ಕಾನೂನು ಮಾಡಿದವು. ಕೊಲೊರಾಡೊದ 2016ರ ಕಾನೂನಿನಲ್ಲಿ ಹೆತ್ತವರು ಅಥವಾ ಆರೈಕೆ ಮಾಡುವವರು ಶಾಲೆಗೆ ಬಂದು ಕೊಡಬೇಕಿತ್ತು, ಸೇದುವ ರೂಪ ನಡೆಯುವುದಿಲ್ಲ. ಅಂದರೆ ಅಲ್ಲೂ ಹುಡುಗರು ಜೇಬಿನಲ್ಲಿ ಗಾಂಜಾ ಇಟ್ಟುಕೊಂಡು ತರಗತಿಗೆ ಬರಲಿ ಎಂದು ಯಾರೂ ಹೇಳಿಲ್ಲ.

ಇನ್ನೊಂದು ಉದಾಹರಣೆ ನಮ್ಮ ದೇವನಹಳ್ಳಿ ತಾಲ್ಲೂಕಿನಲ್ಲೇ ಇದೆ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆಯಿತು. 2025ರಲ್ಲಿ ಮತ್ತೆ ಬಿಗಿ ಮಾಡಿ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಬ್ಯಾಂಕಾಕ್‌ನಿಂದ ಬಂದವರ ಬ್ಯಾಗಿನಲ್ಲಿ ‘ಹೈಡ್ರೋ ಗಾಂಜಾ’ ಹಿಡಿದ ಸುದ್ದಿ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಅಂಗಡಿಯಲ್ಲಿ ಕೊಂಡದ್ದು ಇಲ್ಲಿ ಇಳಿದ ಕೂಡಲೇ ಅಪರಾಧ. “ಪಾರ್ಸೆಲ್ ತಂದುಕೊಟ್ಟರೆ ದುಡ್ಡು ಕೊಡುತ್ತೇನೆ” ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಡಿ.

ಕಾಲೇಜಿನ ಗೇಟಿನ ಒಳಗೆ

ನಮ್ಮ ಕಾಯ್ದೆಯಲ್ಲಿ ಶಾಲೆ ಕಾಲೇಜಿಗೆಂದು ಯಾವ ವಿನಾಯಿತಿಯೂ ಇಲ್ಲ. ಬದಲಾಗಿ ಬಿಗಿಯೇ ಹೆಚ್ಚು. ಕನಿಷ್ಠಕ್ಕಿಂತ ಹೆಚ್ಚು ಶಿಕ್ಷೆ ಕೊಡುವಾಗ ನ್ಯಾಯಾಲಯ ನೋಡಬಹುದಾದ ಅಂಶಗಳನ್ನು 32ಬಿ ಸೆಕ್ಷನ್ ಹೇಳುತ್ತದೆ. ಅಪರಾಧ ವಿದ್ಯಾಸಂಸ್ಥೆಯಲ್ಲಿ ಅಥವಾ ಅದರ ಹತ್ತಿರ ನಡೆದಿರುವುದು, ಅಪ್ರಾಪ್ತರನ್ನು ಬಳಸಿಕೊಂಡಿರುವುದು ಆ ಪಟ್ಟಿಯಲ್ಲಿವೆ. 2015ರ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಅರ್ಹ ವೈದ್ಯರ ಆದೇಶವಿಲ್ಲದೆ ಮಕ್ಕಳಿಗೆ ಮದ್ಯ, ಮಾದಕ ದ್ರವ್ಯ ಅಥವಾ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ. ಮಕ್ಕಳ ಕೈಯಲ್ಲಿ ಮಾದಕ ವಸ್ತು ಸಾಗಿಸಿದರೂ 78ನೇ ಸೆಕ್ಷನ್‌ನಲ್ಲಿ ಅಷ್ಟೇ ಶಿಕ್ಷೆ.

18 ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಆದರೆ ದ್ವಿತೀಯ ಪಿಯುಸಿ ಮುಗಿಯುವುದರೊಳಗೆ ನಮ್ಮಲ್ಲಿ ಅನೇಕರಿಗೆ 18 ತುಂಬುತ್ತದೆ. ಘೋರ ಅಪರಾಧವಾದರೆ 16 ದಾಟಿದವರನ್ನೂ ವಯಸ್ಕರಂತೆ ವಿಚಾರಣೆ ಮಾಡಲು ಅವಕಾಶವಿದೆ.

ಹೆದರಬೇಕಿಲ್ಲದವರು

ಈಗ ಇನ್ನೊಂದು ಮುಖ. ನನ್ನ ಖಾಲಾ, ಅಂದರೆ ಚಿಕ್ಕಮ್ಮನ ಮಗಳಿಗೆ ಫಿಟ್ಸ್ ಇದೆ. ದಿನಾ ಕ್ಲೋಬಜಾಮ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಶಾಲೆಯಲ್ಲಿ ಡ್ರಗ್ಸ್ ಬಗ್ಗೆ ಭಾಷಣ ಕೇಳಿದ ಮೇಲೆ, ಬ್ಯಾಗ್ ಚೆಕ್ ಮಾಡಿದರೆ ಏನಂದುಕೊಳ್ಳುತ್ತಾರೋ ಎಂದು ಮಾತ್ರೆಯ ಸ್ಟ್ರಿಪ್ಪನ್ನು ಜಾಮೆಟ್ರಿ ಬಾಕ್ಸಿನಲ್ಲಿ ಬಚ್ಚಿಡಲು ಶುರು ಮಾಡಿದಳು. ಇತ್ತ ನೆಂಟರೊಬ್ಬರು “ಮಾತ್ರೆ ಬಿಟ್ಟು ಗಾಂಜಾ ಎಣ್ಣೆ ಕೊಡಿ” ಎಂದು ಮೆಸೇಜ್ ಕಳಿಸಿದರು. ಖಾಲಾ ಅದನ್ನು ಡಾಕ್ಟರಿಗೆ ತೋರಿಸಿದರು. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಹೆಚ್ಚಾಗಿ ಜೀವಕ್ಕೇ ಅಪಾಯ ಆಗಬಹುದು ಎಂದು ಡಾಕ್ಟರ್ ತಿಳಿಸಿದರು.

ಕ್ಲೋಬಜಾಮ್ ಹೆಸರು ಎನ್‌ಡಿಪಿಎಸ್ ಪಟ್ಟಿಯಲ್ಲಿ ಇದೆ, ನಿಜ. ಆದರೆ ಅದೇ ಕಾಯ್ದೆಯ ನಿಯಮಗಳಲ್ಲಿ 66ನೇ ನಿಯಮ ಸ್ವಂತ ಚಿಕಿತ್ಸೆಗೆ ಇಂಥ ಮಾತ್ರೆಗಳನ್ನು ಒಂದು ಸಲಕ್ಕೆ 100ರವರೆಗೆ, ದೀರ್ಘಕಾಲದ ಚಿಕಿತ್ಸೆಗೆಂದು ವೈದ್ಯರು ಬರೆದಿದ್ದರೆ 300ರವರೆಗೆ ಇಟ್ಟುಕೊಳ್ಳಲು ಬಿಡುತ್ತದೆ. ಅವಳು ಬಚ್ಚಿಡಬೇಕಾದದ್ದು ಏನೂ ಇಲ್ಲ.

ಹಾಗೆಯೇ, ಚಟಕ್ಕೆ ಸಿಕ್ಕವರಿಗೂ ಕಾನೂನು ಒಂದು ಬಾಗಿಲು ತೆರೆದಿದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ 64ಎ ಸೆಕ್ಷನ್ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ನಶಾಮುಕ್ತ ಸಹಾಯವಾಣಿ 14446.

ನಾವು ಮಾಡಬಹುದಾದದ್ದು

ದಿನಾ ಮಾತ್ರೆ ಬೇಕಾದವರು ವೈದ್ಯರ ಚೀಟಿಯ ಒಂದು ಪ್ರತಿಯನ್ನು ಕ್ಲಾಸ್ ಟೀಚರ್ ಹತ್ತಿರ ಕೊಡಿ. ಮಾತ್ರೆಯನ್ನು ಅದರ ಸ್ಟ್ರಿಪ್ಪಿನಲ್ಲೇ, ಆ ದಿನಕ್ಕೆ ಬೇಕಾದಷ್ಟು ಮಾತ್ರ ತನ್ನಿ. ಬೇರೆಯವರಿಗೆ ಕೊಡಬೇಡಿ, ಬೇರೆಯವರದ್ದು ತೆಗೆದುಕೊಳ್ಳಬೇಡಿ.

ನಮ್ಮ ಅಧ್ಯಾಪಕರಿಗೆ ಒಂದು ವಿನಂತಿ. ಆಫೀಸಿನಲ್ಲಿ ಫೀಸಿಗೆ, ಹಾಜರಿಗೆ, ಲೈಬ್ರರಿ ಪುಸ್ತಕಕ್ಕೆ ರಿಜಿಸ್ಟರ್ ಇದೆ. ಔಷಧಿಗೂ ಒಂದು ಇರಲಿ: ಹೆಸರು, ಕಾಯಿಲೆ, ಮಾತ್ರೆ, ಸಮಯ, ಮನೆಯ ಫೋನ್ ನಂಬರ್. ಅದನ್ನು ಒಬ್ಬರೇ ನೋಡಿಕೊಳ್ಳಲಿ, ಗುಟ್ಟಾಗಿರಲಿ. ಮುಂದಿನ ಜೂನ್ 26ರ ಪ್ರತಿಜ್ಞೆಗೆ ಮೊದಲು ಅದು ಶುರುವಾದರೆ, ಕಾಯಿಲೆ ಇರುವ ಹುಡುಗಿಯೂ ಹೆದರಿಕೆಯಿಲ್ಲದೆ ಎಲ್ಲರ ಜೊತೆ ಕೈ ಮುಂದೆ ಚಾಚಿ ಪ್ರತಿಜ್ಞೆ ಹೇಳುತ್ತಾಳೆ.