ಬೇಸಾಯದ ವಾಹನಗಳ ಗಾಲಿಗಳನ್ನು ಕಳವಿನಿಂದ ಕಾಪಾಡುವ ಕ್ರಮ

ಒಕ್ಕಲುತನದಲ್ಲಿ ಕಾಲವೇ ಬೆಲೆಯುಳ್ಳ ವಸ್ತು. ಮಳೆ ಬಿದ್ದು ಭೂಮಿಯು ಹದಕ್ಕೆ ಬಂದ ಮೇಲೆ ಬಿತ್ತನೆಗೆ ದೊರೆಯುವ ದಿನಗಳು ಕೆಲವೇ. ಕೆಂಪು ಮಣ್ಣಿನ ಜಮೀನುಗಳಲ್ಲಿ ಈ ಅವಧಿಯು ಇನ್ನೂ ಕಿರಿದು. ಅಂತಹ ದಿವಸ ಬೆಳಗ್ಗೆ ಎದ್ದು ನೋಡುವಾಗ ಟ್ರಾಕ್ಟರಿನ ಗಾಡಿಯು ಕಲ್ಲುಗಳ ಮೇಲೆ ಕುಳಿತಿದ್ದು, ಎರಡು ಗಾಲಿಗಳೂ ಮಾಯವಾಗಿದ್ದರೆ, ರೈತನಿಗೆ ಆದ ನಷ್ಟವು ಆ ಗಾಲಿಗಳ ಕ್ರಯವಷ್ಟೇ ಅಲ್ಲ. ಬೀಜ ಗೊಬ್ಬರಗಳು ಮನೆಯಲ್ಲಿಯೇ ಉಳಿಯುತ್ತವೆ. ಕರೆದ ಆಳುಗಳಿಗೆ ಕೂಲಿ ಕೊಡಬೇಕಾಗುತ್ತದೆ. ಬಾಡಿಗೆಯ ಗಾಡಿಗಾಗಿ ಊರೂರು ಅಲೆಯುವುದರೊಳಗೆ ಹದ ತಪ್ಪುತ್ತದೆ. ಹದ ತಪ್ಪಿದ ಬಿತ್ತನೆಯ ಕೊರತೆಯು ಸುಗ್ಗಿಯವರೆಗೂ ಹಿಂಬಾಲಿಸುವುದೆಂಬುದನ್ನು ಬೇಸಾಯಗಾರರಿಗೆ ಬೇರೆ ತಿಳಿಸಬೇಕಾಗಿಲ್ಲ. ಆದುದರಿಂದ ಗಾಲಿಯ ರಕ್ಷಣೆಯನ್ನು ಬೇಸಾಯದ ಕೆಲಸಗಳಲ್ಲಿಯೇ ಒಂದೆಂದು ಎಣಿಸತಕ್ಕದ್ದು.

ಹಿಂದಿನ ಗಾಲಿ, ಈಗಿನ ಗಾಲಿ

ಮರದ ಗಾಲಿಯ ಗಾಡಿಗಳೇ ಎಲ್ಲೆಡೆಯೂ ಇದ್ದ ಕಾಲದಲ್ಲಿ ಒಂದು ಗಾಡಿಯ ಗಾಲಿಯನ್ನು ಮತ್ತೊಂದು ಗಾಡಿಗೆ ಹೊಂದಿಸುವುದು ಸುಲಭವಾಗಿರಲಿಲ್ಲ. ಊರ ಬಡಗಿಯು ಆಯಾ ಗಾಡಿಯ ಇರುಸಿಗೆ ತಕ್ಕಂತೆ ಗುಂಬವನ್ನು ಕೊರೆಯುತ್ತಿದ್ದನು. ಕಮ್ಮಾರನು ಗಾಲಿಯ ಸುತ್ತಳತೆಗೆ ತಕ್ಕಂತೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಕೂಡಿಸುತ್ತಿದ್ದನು. ತಾನು ಮಾಡಿದ ಗಾಲಿಯನ್ನು ಸಂತೆಯಲ್ಲಿ ಕಂಡರೂ ಬಡಗಿಯು ಗುರುತಿಸಬಲ್ಲವನಾಗಿದ್ದನು. ಇಂತಹ ಗಾಲಿಯನ್ನು ಕದ್ದವನಿಗೆ ಅದನ್ನು ಮಾರುವುದೇ ದೊಡ್ಡ ತೊಂದರೆ.

1930ರ ದಶಕದಿಂದೀಚೆಗೆ ಎತ್ತಿನ ಗಾಡಿಗಳಿಗೂ ಗಾಳಿ ತುಂಬಿದ ರಬ್ಬರು ಗಾಲಿಗಳು ಬಂದವು. ಅನಂತರ ಟ್ರಾಕ್ಟರುಗಳೂ ಅವುಗಳ ಟ್ರೈಲರುಗಳೂ ಹಳ್ಳಿಹಳ್ಳಿಗೂ ಬಂದವು. ಇವುಗಳ ಟಯರುಗಳು ಗೊತ್ತಾದ ಅಳತೆಯವು. ಎತ್ತಿನ ಗಾಡಿಗೆ 8.00-19, ಟ್ರಾಕ್ಟರಿನ ಮುಂಗಾಲಿಗೆ 6.00-16, ಹಿಂಗಾಲಿಗೆ 13.6-28 ಎಂಬಂತಹ ಅಳತೆಗಳು ರೈತರಿಗೆ ಪರಿಚಿತವಾದವು. ಒಂದು ಜಿಲ್ಲೆಯಲ್ಲಿ ಕಳಚಿದ ಗಾಲಿಯು ಬೇರೊಂದು ಜಿಲ್ಲೆಯ ವಾಹನಕ್ಕೆ ತಿದ್ದುಪಡಿಯಿಲ್ಲದೆ ಕೂಡುತ್ತದೆ. ಇದು ರೈತನಿಗೆ ಎಷ್ಟು ಅನುಕೂಲವೋ ಕಳ್ಳನಿಗೂ ಅಷ್ಟೇ ಅನುಕೂಲ. ಎಲ್ಲ ವಾಹನಕ್ಕೂ ಹೊಂದುವ, ಯಾರದೆಂಬ ಗುರುತಿಲ್ಲದ ಗಾಲಿಯೇ ಕದಿಯಲು ಯೋಗ್ಯವಾದ ಗಾಲಿ. ಗಾಲಿಯು ಕಳೆದುಕೊಂಡ ಈ ಗುರುತನ್ನು ಅದಕ್ಕೆ ಮರಳಿ ಕೊಡುವುದೇ ರಕ್ಷಣೆಯ ಮುಖ್ಯ ಸೂತ್ರ. ಬೀಗ ಸರಪಳಿಗಳು ಅದಕ್ಕೆ ಸಹಾಯಕಗಳು.

ಕಳ್ಳನಿಗೆ ಬೇಕಾದ ನಾಲ್ಕು ಅನುಕೂಲಗಳು

ಗಾಲಿಯನ್ನು ಕದಿಯುವವನಿಗೆ ನಾಲ್ಕು ಅನುಕೂಲಗಳು ಬೇಕು: ಯಾರೂ ಕಾಣದ ಸ್ಥಳ, ನಟ್ಟು ಬಿಚ್ಚುವ ಪಾನಾ ಮತ್ತು ಎತ್ತುವ ಜಾಕು, ಕೆಲವು ನಿಮಿಷಗಳ ಕಾಲಾವಕಾಶ, ಮತ್ತು ಪ್ರಶ್ನಿಸದೆ ಕೊಳ್ಳುವ ಗಿರಾಕಿ. ಇವುಗಳಲ್ಲಿ ಒಂದನ್ನು ತಪ್ಪಿಸಿದರೂ ಕಳವು ಕಷ್ಟವಾಗುತ್ತದೆ. ನಾಲ್ಕನ್ನೂ ತಪ್ಪಿಸಿದಲ್ಲಿ ಬಹುತೇಕ ನಿಂತುಹೋಗುತ್ತದೆ. ಮೊದಲಿನ ಮೂರನ್ನು ತಪ್ಪಿಸುವುದು ಯಜಮಾನನ ಕೈಯಲ್ಲಿದೆ. ನಾಲ್ಕನೆಯದು ಊರಿನ ಕೈಯಲ್ಲಿದೆ.

ಯಜಮಾನನು ಕೈಕೊಳ್ಳತಕ್ಕ ಕ್ರಮಗಳು

1. ನಿಲ್ಲಿಸುವ ಸ್ಥಳ. ಗಾಡಿಯನ್ನು ಹೊಲದಲ್ಲಿಯೂ ಕಣದಲ್ಲಿಯೂ ರಾತ್ರಿ ಬಿಟ್ಟುಬರುವ ವಾಡಿಕೆಯು ಕಳವಿಗೆ ಮೊದಲ ಕಾರಣ. ಸಾಧ್ಯವಿದ್ದ ಮಟ್ಟಿಗೂ ಮನೆಯ ಮಗ್ಗುಲಲ್ಲಿ, ಮಲಗುವವರ ಕಿವಿಗೆ ಸದ್ದು ಕೇಳುವಂತೆ ನಿಲ್ಲಿಸತಕ್ಕದ್ದು. ಒಂದು ಪಕ್ಕದ ಗಾಲಿಯನ್ನು ಗೋಡೆಗೆ ಒತ್ತಾಗಿ ನಿಲ್ಲಿಸಿದರೆ ಆ ಕಡೆ ಪಾನಾ ತಿರುಗಿಸಲು ಎಡೆಯಿರುವುದಿಲ್ಲ. ಟ್ರಾಕ್ಟರಿನ ಹಿಂಗಾಲಿಗಳಲ್ಲಿ ಭಾರಕ್ಕಾಗಿ ನೀರು ತುಂಬುವ ಪದ್ಧತಿಯುಂಟು. ದೊಡ್ಡ ಟಯರು ನೂರು ಲೀಟರಿಗೂ ಹೆಚ್ಚು ನೀರು ಹಿಡಿಯುವುದರಿಂದ ಅದನ್ನು ಹೊತ್ತೊಯ್ಯುವುದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಹೀಗಾಗಿ ಮುಂಗಾಲಿಗಳನ್ನೂ ಟ್ರೈಲರಿನ ಗಾಲಿಗಳನ್ನೂ ಹೆಚ್ಚು ಜಾಗರೂಕತೆಯಿಂದ ಕಾಯಬೇಕು.

2. ಉಪಕರಣಗಳು. ಜಾಕು ಮತ್ತು ಪಾನಾಗಳನ್ನು ವಾಹನದಲ್ಲಿಯೇ ಬಿಟ್ಟು ಮಲಗುವುದು ಕಳ್ಳನಿಗೆ ಆಯುಧ ಕೊಟ್ಟಂತೆ. ಸಂಜೆ ಅವುಗಳನ್ನು ಒಳಗಿಡಬೇಕು. ಪಂಚರು ಹಾಕಿಸಲು ಜಾಕಿನ ಮೇಲೆ ಎತ್ತಿದ ಗಾಡಿಯನ್ನು ಹಾಗೆಯೇ ರಾತ್ರಿ ಬಿಡಬಾರದು.

3. ಬೀಗದ ನಟ್ಟು. ಪ್ರತಿ ಗಾಲಿಗೂ ಒಂದೊಂದು ನಟ್ಟನ್ನು ತೆಗೆದು ಅದರ ಸ್ಥಾನದಲ್ಲಿ ವಿಶೇಷ ಕೀಲಿಯಿಂದ ಮಾತ್ರ ಬಿಚ್ಚಬಹುದಾದ ನಟ್ಟನ್ನು ಹಾಕಬಹುದು. ಅದರ ಮರೆಯೂ ಗಾಲಿಗೆ ಕೂಡುವ ಮುಖದ ಇಳಿಜಾರೂ ಮೂಲ ನಟ್ಟಿನಂತೆಯೇ ಇರಬೇಕು. ಇಲ್ಲವಾದರೆ ಓಟದಲ್ಲಿ ಸಡಿಲವಾಗುತ್ತದೆ. ಕೀಲಿಯನ್ನು ಮನೆಯಲ್ಲಿಟ್ಟು, ದೂರದ ಪ್ರಯಾಣಕ್ಕೆ ಮಾತ್ರ ಜೊತೆಗೆ ಒಯ್ಯತಕ್ಕದ್ದು.

4. ಸರಪಳಿ. ರಿಮ್ಮಿನ ತಟ್ಟೆಯಲ್ಲಿ ಕಿಂಡಿಗಳಿದ್ದರೆ ಗಟ್ಟಿ ಉಕ್ಕಿನ ಸರಪಳಿಯನ್ನು ಅದರಲ್ಲಿ ತೂರಿಸಿ, ಇರುಸನ್ನು ಬಳಸಿ ಬೀಗ ಹಾಕಬೇಕು. ಸರಪಳಿಯು ನೆಲಕ್ಕೆ ತಾಗುವಷ್ಟು ಉದ್ದವಾಗಿರಬಾರದು. ನೆಲದ ಮೇಲೆ ಬಿದ್ದ ಕೊಂಡಿಯನ್ನು ಸುತ್ತಿಗೆಯಿಂದ ಒಡೆಯುವುದು ಸುಲಭ. ಬೆಳಗ್ಗೆ ಸರಪಳಿಯನ್ನು ಮರೆತು ವಾಹನವನ್ನು ಹೊರಡಿಸಿದರೆ ಗಾಲಿಗೂ ಇರುಸಿಗೂ ಕೇಡು. ಆದುದರಿಂದ ಸರಪಳಿಯ ಬೀಗದ ಕೈಯನ್ನು ಟ್ರಾಕ್ಟರಿನ ಕೀಲಿಯೊಡನೆಯೇ ಒಂದು ಗೊಂಚಲಾಗಿ ಕಟ್ಟಿಡುವುದು ಒಳ್ಳೆಯದು.

5. ಮರದ ಗಾಲಿಯ ಗಾಡಿ. ಈ ಗಾಡಿಗಳಲ್ಲಿ ಕಡಾಣಿಯನ್ನು ಕಿತ್ತರೆ ಗಾಲಿಯು ಇರುಸಿನಿಂದ ಜಾರಿಬರುತ್ತದೆ. ಕಡಾಣಿಯ ತುದಿಯಲ್ಲಿ ಕಮ್ಮಾರನಿಂದ ಒಂದು ರಂಧ್ರ ಕೊರೆಯಿಸಿ ಸಣ್ಣ ಬೀಗವನ್ನು ಹಾಕಬಹುದು. ಎರಡು ಗಾಲಿಗಳ ಅರಗಳ ನಡುವೆ ಸರಪಳಿಯನ್ನು ಹಾಯಿಸಿ ಕಂಬಕ್ಕೆ ಕಟ್ಟುವುದೂ ಉಪಯುಕ್ತ.

6. ಕೆಲಸವಿಲ್ಲದ ಕಾಲ. ತಿಂಗಳುಗಟ್ಟಲೆ ನಿಂತಿರುವ ಗಾಡಿಯ ಗಾಲಿಗಳನ್ನು ಕಳಚಿ ಒಳಗಿಡುವುದೇ ಉತ್ತಮ. ಗಾಡಿಯನ್ನು ದಪ್ಪ ಮರದ ದಿಮ್ಮಿಗಳ ಮೇಲೆ ಭದ್ರವಾಗಿ ಕೂಡಿಸಬೇಕು; ಬಿಡಿ ಇಟ್ಟಿಗೆಗಳನ್ನು ನಂಬಬಾರದು. ಬಿಸಿಲೂ ಎಣ್ಣೆಯೂ ತಾಗದ ಒಣಗಿದ ಕೋಣೆಯಲ್ಲಿಟ್ಟ ಟಯರು ಹೆಚ್ಚು ಕಾಲ ಬಾಳುವುದರಿಂದ ಈ ಕ್ರಮದಿಂದ ಎರಡು ಲಾಭಗಳುಂಟು.

ಬೆಳಗಿನ ಪರೀಕ್ಷೆ

ಸದ್ದಾಗಿ ಓಡಿಹೋದ ಕಳ್ಳನು ನಟ್ಟುಗಳನ್ನು ಅರ್ಧ ಬಿಚ್ಚಿ ಬಿಟ್ಟಿರಬಹುದು. ಗಾಲಿಯು ಇದ್ದ ಸ್ಥಳದಲ್ಲಿಯೇ ಕಾಣುವುದರಿಂದ ಯಜಮಾನನಿಗೆ ಸಂಶಯವೇ ಬರುವುದಿಲ್ಲ. ಹೇರು ತುಂಬಿ ರಸ್ತೆಗೆ ಇಳಿದ ಮೇಲೆ ಗಾಲಿಯು ಕಳಚಿದರೆ ಚಾಲಕನ ಪ್ರಾಣಕ್ಕೂ ದಾರಿಹೋಕರ ಪ್ರಾಣಕ್ಕೂ ಅಪಾಯ. ಕಳುವಾದ ಗಾಲಿಗಿಂತ ಕಳುವಾಗದೆ ಉಳಿದ ಸಡಿಲ ಗಾಲಿಯೇ ಹೆಚ್ಚು ಭಯಂಕರ. ಆದುದರಿಂದ ಹೊರಗೆ ರಾತ್ರಿ ಕಳೆದ ವಾಹನದ ಪ್ರತಿಯೊಂದು ನಟ್ಟನ್ನೂ ಬೆಳಗ್ಗೆ ಪಾನಾ ಹಾಕಿ ನೋಡಿಯೇ ಹೊರಡತಕ್ಕದ್ದು. ಗಾಲಿಯನ್ನು ಕಳಚಿ ಮತ್ತೆ ಕೂಡಿಸಿದಾಗ ನಟ್ಟುಗಳನ್ನು ಎದುರುಬದುರಾಗಿ ಒಂದೊಂದನ್ನೇ ಬಿಗಿದು, ಕೆಲವು ಗಂಟೆಗಳ ಓಟದ ನಂತರ ಮತ್ತೊಮ್ಮೆ ಬಿಗಿಯಬೇಕು.

ಗುರುತು ಮತ್ತು ದಾಖಲೆ

ರಿಮ್ಮಿನ ತಟ್ಟೆಯ ಹೊರಮುಖದಲ್ಲಿ ಒಂದು ಕಡೆ, ಒಳಮುಖದಲ್ಲಿ ಕಣ್ಣಿಗೆ ಬೀಳದ ಮತ್ತೊಂದು ಕಡೆ, ಉಕ್ಕಿನ ಅಕ್ಷರದ ಮೊಳೆಗಳಿಂದ ವಾಹನದ ನೋಂದಣಿ ಸಂಖ್ಯೆಯನ್ನಾಗಲಿ, ಊರಿನ ಮತ್ತು ಯಜಮಾನನ ಹೆಸರಿನ ಮೊದಲಕ್ಷರಗಳನ್ನಾಗಲಿ ಒತ್ತಿಸಬೇಕು. ಬೋಲ್ಟಿನ ರಂಧ್ರಗಳ ಬಳಿಯಲ್ಲಿಯೂ, ಬೆಸುಗೆಯ ಮೇಲೆಯೂ, ಟಯರಿನ ಅಂಚು ಕೂರುವ ಸ್ಥಳದಲ್ಲಿಯೂ ಒತ್ತಬಾರದು. ಟಯರಿನ ಮಗ್ಗುಲಿಗೆ ಬಿಳಿ ಬಣ್ಣದಿಂದ ಅದೇ ಗುರುತನ್ನು ಬರೆಯಬಹುದು. ಬಣ್ಣವನ್ನು ಕೆರೆದು ತೆಗೆಯಬಹುದಾದರೂ ಕೆರೆದ ಕಲೆಯೇ ಕೊಳ್ಳುವವನಿಗೆ ಎಚ್ಚರಿಕೆಯಾಗುತ್ತದೆ.

ಟಯರಿನ ಮಗ್ಗುಲಲ್ಲಿ ತಯಾರಕರು ಮೂಡಿಸಿದ ಕ್ರಮಸಂಖ್ಯೆಯೂ, ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳೂ ಇರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರವೆಂದು ತಿಳಿಯಬೇಕು. ಒಂದು ಪುಸ್ತಕದಲ್ಲಿ ಪ್ರತಿ ಗಾಲಿಗೂ ಅಳತೆ, ತಯಾರಕರ ಹೆಸರು, ಕ್ರಮಸಂಖ್ಯೆ, ರಿಮ್ಮಿನ ಗುರುತು, ಕೊಂಡ ತಾರೀಖು ಮತ್ತು ಅಂಗಡಿಯ ರಸೀದಿಯ ಸಂಖ್ಯೆಗಳನ್ನು ಬರೆದಿಡಬೇಕು. ಟಯರು ಬದಲಾಯಿಸಿದ ದಿನವೇ ಪುಸ್ತಕವನ್ನೂ ತಿದ್ದಬೇಕು. ಮೊಬೈಲು ಫೋನಿನಲ್ಲಿ ಆ ಅಂಕಿಗಳ ಚಿತ್ರ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ನೂರು ಗಾಲಿಗಳ ರಾಶಿಯಲ್ಲಿ ತನ್ನದನ್ನು ತನ್ನದೆಂದು ಸಾಧಿಸಲು ಈ ಒಂದು ಸಾಲು ಬರಹವೇ ಆಧಾರ.

ಮಾಡಬಾರದ ಕೆಲಸಗಳು

ಕಳವಿಗೆ ಹೆದರಿ ಕೆಲವರು ನಟ್ಟುಗಳಿಗೆ ಬೆಸುಗೆ ಹಾಕಿಸುವುದುಂಟು. ಇದು ಸರಿಯಲ್ಲ. ದಾರಿಯಲ್ಲಿ ಪಂಚರಾದರೆ ಗಾಲಿ ಕಳಚುವಂತಿಲ್ಲ. ಮೇಲಾಗಿ ಟಯರು ಕೂಡಿಸಿರುವ ರಿಮ್ಮಿಗೆ ಬೆಸುಗೆಯ ಶಾಖ ತಗಲಿದರೆ ಒಳಗಿನ ಒತ್ತಡ ಹೆಚ್ಚಿ ಟಯರು ಸಿಡಿದು ಪ್ರಾಣಹಾನಿಯಾಗಬಹುದು. ಟಯರಿನ ಮಗ್ಗುಲನ್ನು ಕೊಯ್ದು ಅಥವಾ ಸುಟ್ಟು ಗುರುತು ಮಾಡುವುದೂ ಕೂಡದು. ಮಗ್ಗುಲು ಟಯರಿನ ಅತಿ ತೆಳುವಾದ ಭಾಗ. ಗಾಡಿಯ ಸುತ್ತ ವಿದ್ಯುತ್ತಿನ ತಂತಿ ಹಾಯಿಸುವುದು ಮಹಾಪರಾಧ. ಅದಕ್ಕೆ ಮೊದಲು ಬಲಿಯಾಗುವವರು ಮನೆಯ ಮಕ್ಕಳು ಮತ್ತು ದನಗಳು.

ಊರಿನ ಕರ್ತವ್ಯ

ಬೀಗ ಹಾಕಿದ ಗಾಡಿಯನ್ನು ಬಿಟ್ಟು ಕಳ್ಳನು ಬೀಗವಿಲ್ಲದ ನೆರೆಯವನ ಗಾಡಿಗೆ ಹೋಗುತ್ತಾನೆ. ಒಬ್ಬನ ಎಚ್ಚರಿಕೆಯಿಂದ ಒಬ್ಬನಿಗೆ ಮಾತ್ರ ಕ್ಷೇಮ. ಊರಿಗೆ ಕ್ಷೇಮವಾಗಬೇಕಾದರೆ ಊರೇ ಕೂಡಬೇಕು. ಗ್ರಾಮದ ಮುಖಂಡರು ಸಹಕಾರ ಸಂಘದ ಅಥವಾ ಪಂಚಾಯಿತಿಯ ಸಭೆಯಲ್ಲಿ ಈ ವಿಷಯವನ್ನು ಎತ್ತಿ, ಒಂದು ಗೊತ್ತಾದ ದಿನ ಅಕ್ಷರದ ಮೊಳೆಗಳನ್ನು ತರಿಸಿ ಊರಿನ ಎಲ್ಲ ಗಾಲಿಗಳಿಗೂ ಗುರುತು ಒತ್ತಿಸಬಹುದು. ಒಂದು ಜೊತೆ ಮೊಳೆಗಳಿಂದ ಇಡೀ ಊರಿನ ಕೆಲಸ ಪೂರೈಸುತ್ತದೆ. ದೊಡ್ಡ ಹಿಡುವಳಿದಾರರು ಮುಂದೆ ನಿಂತು ತಮ್ಮ ಗಾಡಿಗಳಿಂದಲೇ ಆರಂಭಿಸಿದರೆ ಉಳಿದವರು ಹಿಂಬಾಲಿಸುವರು.

ಕಬ್ಬು ಕಡಿಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಗಳ ಮುಂದೆ ಗಾಡಿಗಳು ರಾತ್ರಿಯೆಲ್ಲಾ ಸಾಲಾಗಿ ನಿಲ್ಲುವುದುಂಟು. ಒಂದೇ ಊರಿನ ಗಾಡಿಗಳು ಒಟ್ಟಿಗೆ ನಿಂತು, ಸರದಿಯಂತೆ ಒಬ್ಬೊಬ್ಬರು ಎಚ್ಚರವಾಗಿರುವ ಏರ್ಪಾಡು ಮಾಡಿಕೊಳ್ಳಬೇಕು. ಜಾತ್ರೆ ಮದುವೆಗಳಿಗೆ ಊರು ಬರಿದಾಗುವ ರಾತ್ರಿಗಳಲ್ಲಿಯೂ ಇದೇ ಕ್ರಮವನ್ನು ಅನುಸರಿಸತಕ್ಕದ್ದು.

ಎಲ್ಲಕ್ಕಿಂತಲೂ ಮುಖ್ಯವಾದುದು ಕೊಳ್ಳುವವರ ನಡತೆ. ಅರ್ಧ ಬೆಲೆಗೆ, ರಸೀದಿಯಿಲ್ಲದೆ, ಕತ್ತಲಲ್ಲಿ ಬಂದ ಗಾಲಿಯನ್ನು ಲಾಭವೆಂದು ಕೊಳ್ಳುವ ರೈತನು ಮತ್ತೊಬ್ಬ ರೈತನ ಬಿತ್ತನೆಯನ್ನು ಕೊಂಡಂತೆ. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಕಳವಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಕಳವಿನ ಮಾಲೆಂದು ತಿಳಿದೂ, ತಿಳಿಯಲು ಕಾರಣವಿದ್ದೂ ಅದನ್ನು ಪಡೆಯುವವನಿಗೆ 317ನೆಯ ಕಲಮಿನಲ್ಲಿ ಅಷ್ಟೇ ಅವಧಿಯ ಶಿಕ್ಷೆಯುಂಟು. ಹಳೆಯ ಗಾಲಿ ಕೊಳ್ಳುವವರೆಲ್ಲರೂ ಮಾರುವವನ ರಸೀದಿಯನ್ನು ಕೇಳಿ ರಿಮ್ಮಿನ ಗುರುತನ್ನು ನೋಡುವ ವಾಡಿಕೆ ಬೆಳೆದರೆ ಕಳ್ಳನ ಗಿರಾಕಿಯೇ ಇಲ್ಲವಾಗುವನು.

ಕಳವಾದ ಮೇಲೆ

ಗಾಲಿ ಹೋದುದು ತಿಳಿದೊಡನೆ ಗಾಡಿಯನ್ನು ಕದಲಿಸದೆ, ಕಳ್ಳರು ಬಿಟ್ಟುಹೋದ ಕಲ್ಲು, ಪಾನಾ, ನಟ್ಟುಗಳನ್ನು ಮುಟ್ಟದೆ, 112 ಸಂಖ್ಯೆಗೆ ಅಥವಾ ಠಾಣೆಗೆ ತಿಳಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಕಳವು ನಡೆದ ಸ್ಥಳವು ಯಾವ ಠಾಣೆಯ ಸರಹದ್ದಿಗೆ ಸೇರಿದರೂ ದೂರು ಕೊಡಬಹುದು. ದಾಖಲಾದ ದೂರಿನ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡತಕ್ಕದ್ದು. ದೂರಿನಲ್ಲಿ ಟಯರಿನ ಕ್ರಮಸಂಖ್ಯೆಯನ್ನೂ ರಿಮ್ಮಿನ ಗುರುತನ್ನೂ ಬರೆಯಿಸಬೇಕು. ಕಳ್ಳನು ಕೈಗೆ ಸಿಕ್ಕಲ್ಲಿ ಹೊಡೆಯದೆ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆದವರು ತಾವೇ ಅಪರಾಧಿಗಳಾಗುವರು. ವಿಮೆಯನ್ನು ನಂಬಿ ಅಜಾಗರೂಕರಾಗಿರುವುದೂ ಸರಿಯಲ್ಲ. ವಾಹನ ಉಳಿದು ಟಯರು ಮಾತ್ರ ನಷ್ಟವಾದರೆ ಪರಿಹಾರವಿಲ್ಲವೆಂಬ ಷರತ್ತು ವಿಮಾಪತ್ರಗಳಲ್ಲಿ ಸಾಮಾನ್ಯವಾಗಿರುವುದರಿಂದ ಅವನ್ನು ಮೊದಲೇ ಓದಿಸಿ ತಿಳಿದುಕೊಳ್ಳಬೇಕು.

ಸಾರಾಂಶ

ಗಾಡಿಯನ್ನು ಮನೆಯ ಬಳಿ ನಿಲ್ಲಿಸುವುದು, ಉಪಕರಣಗಳನ್ನು ಒಳಗಿಡುವುದು, ಬೀಗ ಸರಪಳಿ ಹಾಕುವುದು, ಬೆಳಗ್ಗೆ ನಟ್ಟು ನೋಡುವುದು, ಗುರುತು ಒತ್ತಿಸಿ ಬರೆದಿಡುವುದು, ರಸೀದಿಯಿಲ್ಲದ ಗಾಲಿಯನ್ನು ಕೊಳ್ಳದಿರುವುದು - ಇವು ಆರು ಕ್ರಮಗಳು. ಇವುಗಳಲ್ಲಿ ಬೀಗ ಸರಪಳಿಗಳಿಗೆ ಮಾತ್ರ ಹೇಳಿಕೊಳ್ಳುವಷ್ಟು ಖರ್ಚು. ಅದೂ ಹೊಸ ಟಯರಿನ ಬೆಲೆಯಲ್ಲಿ ಅಲ್ಪಭಾಗ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗದೆ, ಮುಂದಿನ ಬಿತ್ತನೆಯ ಹದಕ್ಕೆ ಮೊದಲೇ ಪ್ರತಿಯೊಂದು ಗ್ರಾಮದಲ್ಲಿಯೂ ಈ ಕೆಲಸವನ್ನು ಪೂರೈಸಿಕೊಳ್ಳುವುದು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಸೇರಿದ ಹೊಣೆಯಾಗಿರುತ್ತದೆ.