ಮಂಡಿ ಒಳಕ್ಕೆ ವಾಲಿದರೆ ಆಟ ಬಿಡಿಸಬೇಕೆ?

ಪ್ರಶ್ನೆ: ಮಗಳಿಗೆ 14 ವರ್ಷ, ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾಳೆ. ಈಚೆಗೆ ಸರ್ರನೆ ಎತ್ತರವಾದಳು. ಸ್ಮ್ಯಾಷ್ ಹೊಡೆದು ಕೆಳಗಿಳಿಯುವಾಗ ಮಂಡಿಗಳು ಒಳಕ್ಕೆ ವಾಲುತ್ತವೆ ಎಂದು ಪಿಟಿ ಮೇಷ್ಟ್ರು ಹೇಳಿದರು. ನೋವೇನೂ ಇಲ್ಲ. ಆದರೆ ಅವಳ ಸೀನಿಯರ್ ಒಬ್ಬಳಿಗೆ ಲಿಗಮೆಂಟ್ ಹರಿದು ಆಪರೇಷನ್ ಆಗಿದೆ. ‘ಹೆಣ್ಣು ಹುಡುಗಿ, ಕಾಲು ಹೋದರೆ ಏನು ಗತಿ, ಆಟ ಬಿಡಿಸು’ ಅನ್ನುತ್ತಾರೆ ನಮ್ಮತ್ತೆ. ನೀ ಕ್ಯಾಪ್ ಹಾಕಿಸಿದರೆ ಸಾಕೆ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಆಟ ಬಿಡಿಸಬೇಡಿ. ಹಾಗೆಂದು ಅತ್ತೆಯವರ ಭಯವನ್ನು ತಳ್ಳಿಹಾಕುವಂತೆಯೂ ಇಲ್ಲ. ಜಿಗಿದು ಇಳಿಯುವ, ಓಡುತ್ತಲೇ ಥಟ್ಟನೆ ತಿರುಗುವ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ 2ರಿಂದ 8 ಪಟ್ಟು ಹೆಚ್ಚು. ಬಹುತೇಕ ಸಲ ಯಾರೂ ಡಿಕ್ಕಿ ಹೊಡೆದಿರುವುದಿಲ್ಲ. ಕಾಲೂರಿದ ಕ್ಷಣದಲ್ಲಿ ಮಂಡಿ ಒಳಕ್ಕೆ ಕುಸಿದು ತಿರುಚಿಕೊಂಡಿರುತ್ತದೆ. ಅಮೆರಿಕದಲ್ಲಿ ಸಂಶೋಧಕರು 205 ಆಟಗಾರ್ತಿಯರು ಜಿಗಿದು ಇಳಿಯುವ ರೀತಿಯನ್ನು ಮೊದಲೇ ಅಳೆದಿಟ್ಟಿದ್ದರು; ಮುಂದೆ ಲಿಗಮೆಂಟ್ ಹರಿದುಕೊಂಡವರಲ್ಲಿ ಈ ವಾಲುವಿಕೆ ಎದ್ದು ಕಾಣುತ್ತಿತ್ತೆಂದು 2005ರಲ್ಲಿ ಪ್ರಕಟವಾಯಿತು. ನಿಮ್ಮ ಮೇಷ್ಟ್ರ ಕಣ್ಣು ಚುರುಕಾಗಿದೆ.

ಹುಡುಗಿಯರ ತೊಡೆಮೂಳೆ ಸೊಂಟದಿಂದ ಮಂಡಿಗೆ ತುಸು ಓರೆಯಾಗಿಯೇ ಇಳಿಯುತ್ತದೆ. ಅದು ದೇಹದ ಸಹಜ ರಚನೆ, ಬದಲಿಸಲಾಗದು, ಬದಲಿಸಬೇಕಾಗಿಯೂ ಇಲ್ಲ. ಬದಲಿಸಬಹುದಾದದ್ದು ಮಂಡಿಯ ಮೇಲೆ ಸ್ನಾಯುಗಳ ಹಿಡಿತ. ಈ ವಯಸ್ಸಿನಲ್ಲಿ ಮೂಳೆ ಉದ್ದವಾದಷ್ಟು ಬೇಗ ಸೊಂಟ, ತೊಡೆಗಳ ಬಲ ಬೆಳೆಯುವುದಿಲ್ಲ.

ಆ ಹಿಡಿತ ಎಷ್ಟಿದೆಯೆಂದು ಮನೆಯಲ್ಲೇ ನೋಡಬಹುದು. ಅವಳನ್ನು ಬರಿಗಾಲಲ್ಲಿ, ಒಂಟಿ ಕಾಲಲ್ಲಿ ನಿಲ್ಲಿಸಿ ಅರ್ಧ ಬಸ್ಕಿ ಹೊಡೆಸಿ, ಎದುರಿನಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿ. ಮಂಡಿಚಿಪ್ಪು ಹೆಬ್ಬೆರಳನ್ನು ದಾಟಿ ಒಳಕ್ಕೆ ಹೋಗುತ್ತದೆಯೆ? ಎತ್ತಿದ ಕಾಲಿನ ಕಡೆಯ ಸೊಂಟ ಜಾರುತ್ತದೆಯೆ? ಮೈ ತೂಗಾಡುತ್ತದೆಯೆ? ಎರಡೂ ಕಾಲಿನಲ್ಲಿ ನೋಡಿ. ಒಂದು ಕಾಲು ಗಟ್ಟಿ, ಇನ್ನೊಂದು ಸಡಿಲ ಎಂದು ಕಂಡರೆ ಅದೂ ಎಚ್ಚರಿಕೆಯೇ. ಆ ವಿಡಿಯೊವನ್ನು ಅವಳಿಗೇ ತೋರಿಸಿ. ಹತ್ತು ಸಲ ಬೈಯುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ನೀ ಕ್ಯಾಪ್ ಮಂಡಿಯನ್ನು ಬೆಚ್ಚಗಿಡುತ್ತದೆ, ಅಷ್ಟೆ. ಹಿಡಿತ ಬರುವುದು ವ್ಯಾಯಾಮದಿಂದ. ಮೇಷ್ಟ್ರಿಗೆ ಫುಟ್‌ಬಾಲ್‌ನವರ ‘ಫಿಫಾ 11+’ ವಾರ್ಮ್‌ಅಪ್ ಬಗ್ಗೆ ಹೇಳಿ. ಸುಮಾರು 20 ನಿಮಿಷ: ಓಟ, ಒಂಟಿಕಾಲ ಸಮತೋಲನ, ಪ್ಲ್ಯಾಂಕ್, ಮಂಡಿ ಬಾಗಿಸಿ ಸದ್ದಿಲ್ಲದೆ ಇಳಿಯುವ ಜಿಗಿತ. ನಾರ್ವೆಯಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಹುಡುಗಿಯರಿಗೆ ಇದನ್ನು ಮಾಡಿಸಿದಾಗ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ಖರ್ಚಿಲ್ಲ, ಆದರೆ ವಾರಕ್ಕೆರಡು ಸಲವಾದರೂ, ಇಡೀ ಸೀಸನ್ ಮಾಡಬೇಕು. ಟೂರ್ನಿಗೆ ಮುಂಚಿನ ನಾಲ್ಕು ದಿನದ ಅವಸರದಿಂದ ಏನೂ ಆಗದು.

ಪೆಟ್ಟಾದರೂ ಆಟ ಮುಗಿದಂತಲ್ಲ. ಕ್ರಿಕೆಟ್ ಆಟಗಾರ್ತಿ ಸ್ಮೃತಿ ಮಂದಾನಾಗೆ 2017ರ ಜನವರಿಯಲ್ಲಿ ಎಸಿಎಲ್ ಪೆಟ್ಟಾಗಿತ್ತು. ಜೂನ್‌ನಲ್ಲಿ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ 90 ರನ್ ಹೊಡೆದರು. ಅತ್ತೆಯವರಿಗೆ ಇದನ್ನು ಹೇಳಿ. ಆ ಸೀನಿಯರ್ ಹುಡುಗಿಗೆ ಮಾತ್ರ ಈ ಐದು ತಿಂಗಳ ಲೆಕ್ಕ ಹೇಳಬೇಡಿ: ಆಪರೇಷನ್ ನಂತರ ಕನಿಷ್ಠ ಒಂಬತ್ತು ತಿಂಗಳು ಕಳೆಯದೆ ಕೋರ್ಟಿಗಿಳಿಯುವುದು ಅಪಾಯ.

ಮಗಳಿಗೆ ಎಂದಾದರೂ ಮಂಡಿಯಲ್ಲಿ ‘ಟಪ್’ ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಎಣ್ಣೆ ಹಚ್ಚಿ ಎಳೆಸುವುದು, ನಾಟಿ ಕಟ್ಟು ಹಾಕಿಸುವುದು ಬೇಡ. ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ.