ಬಿಲ್ಲುಗಳ ಎಣಿಕೆ ಮತ್ತು ಡೇಟಾಬೇಸಿನ ಸಾಲುಗಳು

ಹಿಂದೆ ತಿಂಗಳ ಕೊನೆಯಲ್ಲಿ ಗುಮಾಸ್ತರು ಬಿಲ್ ಪುಸ್ತಕದ ಮೊದಲ ಮತ್ತು ಕೊನೆಯ ಕ್ರಮಸಂಖ್ಯೆಗಳನ್ನು ನೋಡಿ, ರದ್ದಾದ ಹಾಳೆಗಳನ್ನು ಕಳೆದು ಲೆಕ್ಕ ಒಪ್ಪಿಸುತ್ತಿದ್ದರು. ಈಗ ಅದೇ ಕಾರ್ಯವನ್ನು ವೆಬ್ ಆಧಾರಿತ ತಂತ್ರಾಂಶವು ಕ್ಷಣಮಾತ್ರದಲ್ಲಿ ಮಾಡುತ್ತದೆ. ಆದರೆ ಪರದೆಯ ಮೇಲೆ ಮೂಡುವ ಸಂಖ್ಯೆಯು ಬಿಲ್ಲುಗಳದೋ ಅಥವಾ ಡೇಟಾಬೇಸ್ ಮರಳಿಸಿದ ಸಾಲುಗಳದೋ ಎಂಬುದನ್ನು ಮಾಲೀಕರು ಅರಿತಿರಬೇಕು. ಜಿಎಸ್‌ಟಿಆರ್-1 ನಮೂನೆಯ 13ನೆಯ ಕೋಷ್ಟಕವು ಬಿಲ್ಲುಗಳ ಮೊದಲ ಮತ್ತು ಕೊನೆಯ ಸಂಖ್ಯೆ, ಒಟ್ಟು, ರದ್ದಾದವು ಹಾಗೂ ನಿವ್ವಳ ಎಣಿಕೆಗಳನ್ನು ಕೇಳುವುದರಿಂದ ಇದು ಕೇವಲ ಪ್ರೋಗ್ರಾಮರುಗಳ ವಿಷಯವಲ್ಲ.

ಉದಾಹರಣೆಗೆ, ಒಬ್ಬ ಸಗಟು ವರ್ತಕರು ಒಂದು ತಿಂಗಳಲ್ಲಿ 1ರಿಂದ 412ರವರೆಗೆ ಬಿಲ್ಲುಗಳನ್ನು ಬರೆದು, 7ನ್ನು ರದ್ದುಗೊಳಿಸಿದ್ದಾರೆಂದು ಭಾವಿಸಬಹುದು. ನಿವ್ವಳ ಸಂಖ್ಯೆ 405. ಈ ಎಣಿಕೆಯು ನಾಲ್ಕು ಬಗೆಯಲ್ಲಿ ತಪ್ಪಬಹುದು.

1. ಬಿಲ್ಲಿನ ಪಟ್ಟಿಯನ್ನು ಸರಕಿನ ಪಟ್ಟಿಯೊಡನೆ ಜೋಡಿಸಿ ಎಣಿಸಿದರೆ, ಪ್ರತಿ ಬಿಲ್ಲಿನಲ್ಲೂ 3 ವಸ್ತುಗಳಿದ್ದಾಗ 1,236 ಸಾಲುಗಳು ಬರುತ್ತವೆ.

2. ಕೌಂಟ್(*) ಎಂಬ ಆದೇಶ ಎಲ್ಲ ಸಾಲುಗಳನ್ನೂ ಎಣಿಸುತ್ತದೆ. ಆವರಣದಲ್ಲಿ ಗ್ರಾಹಕರ ಜಿಎಸ್‌ಟಿ ಸಂಖ್ಯೆಯ ಅಂಕಣವನ್ನು ಹೆಸರಿಸಿದರೆ, ಆ ಅಂಕಣವು ನಲ್, ಅಂದರೆ ಮೌಲ್ಯರಹಿತ, ಆಗಿರುವ ಚಿಲ್ಲರೆ ಬಿಲ್ಲುಗಳು ಬಿಟ್ಟುಹೋಗುತ್ತವೆ.

3. ಪುನರಾವರ್ತನೆ ತಪ್ಪಿಸಲು ಡಿಸ್ಟಿಂಕ್ಟ್ ಪದವನ್ನು ಬಳಸುವುದುಂಟು. ಆದರೆ ಕೇಂದ್ರ ಜಿಎಸ್‌ಟಿ ನಿಯಮಗಳು, 2017ರ 46ನೆಯ ನಿಯಮದಂತೆ ಬಿಲ್ಲಿನ ಸಂಖ್ಯೆಯು ಒಂದು ಆರ್ಥಿಕ ವರ್ಷದ ಮಟ್ಟಿಗೆ ಮಾತ್ರ ಅನನ್ಯ. ಪ್ರತಿ ವರ್ಷ 1ರಿಂದ ಆರಂಭಿಸುವವರು ಎರಡು ವರ್ಷಗಳನ್ನು ಒಟ್ಟಿಗೆ ಎಣಿಸಿದರೆ ಉತ್ತರ ಕಡಿಮೆಯಾಗುತ್ತದೆ.

4. ರದ್ದಾದ ಬಿಲ್ಲನ್ನು ಅಳಿಸಿಹಾಕಿದರೆ ಸಾಲುಗಳು 405 ಉಳಿಯುತ್ತವೆ, ಕೊನೆಯ ಸಂಖ್ಯೆ ಮಾತ್ರ 412. ನಡುವಣ 7ಕ್ಕೆ ವಿವರಣೆಯೇ ಇರುವುದಿಲ್ಲ. ಆದ್ದರಿಂದ ಅಳಿಸದೆ, ‘ರದ್ದು’ ಎಂದು ಗುರುತಿಸಿ ಉಳಿಸಿಕೊಳ್ಳುವುದೇ ಸರಿಯಾದ ಕ್ರಮ.

ಎಣಿಸುವ ವಿಧಾನವೂ ಮುಖ್ಯ. ಸಂಖ್ಯೆಯಷ್ಟೇ ಬೇಕಾದಾಗ ಎಲ್ಲ ಸಾಲುಗಳನ್ನೂ ತರಿಸಿ ಎಣಿಸುವುದಕ್ಕಿಂತ ಡೇಟಾಬೇಸಿನಿಂದಲೇ ಎಣಿಸುವುದು ಲೇಸು. ಗೋದಾಮಿನ ಮೂಟೆಗಳನ್ನು ಎಣಿಸಲು ಯಾರೂ ಅವನ್ನು ಅಂಗಡಿಗೆ ಹೊರಿಸುವುದಿಲ್ಲ. ಪಿಎಚ್‌ಪಿ ಭಾಷೆಯಲ್ಲಿ ಬಳಕೆಯಲ್ಲಿದ್ದ ‘ಮೈಎಸ್‌ಕ್ಯುಎಲ್ ನಮ್ ರೋಸ್’ ಆದೇಶವನ್ನು 2015ರಲ್ಲಿ ಬಂದ 7ನೆಯ ಆವೃತ್ತಿಯಲ್ಲಿ ಕೈಬಿಡಲಾಯಿತು. ಪಿಡಿಒ ಪದ್ಧತಿಯ ‘ರೋಕೌಂಟ್’ ಸೇರಿಸಿದ, ತಿದ್ದಿದ, ಅಳಿಸಿದ ಸಾಲುಗಳನ್ನು ತಿಳಿಸುವಂಥದು; ಆಯ್ದು ತಂದ ಸಾಲುಗಳಿಗೆ ಅದನ್ನು ಎಲ್ಲ ಡೇಟಾಬೇಸುಗಳಲ್ಲೂ ನೆಚ್ಚುವಂತಿಲ್ಲ. ಹಳೆಯ ತಂತ್ರಾಂಶವನ್ನು ಹೊಸ ಸರ್ವರಿಗೆ ವರ್ಗಾಯಿಸುವವರು ಇದನ್ನು ಮರೆಯಬಾರದು.

ತಂತ್ರಾಂಶವನ್ನು ಒಪ್ಪಿಕೊಳ್ಳುವ ಮುನ್ನ ಮಾಡಬಹುದಾದ ಪರೀಕ್ಷೆ ಸರಳವಾದುದು. ಹಲವು ವಸ್ತುಗಳ ಒಂದು ಬಿಲ್ಲು, ಜಿಎಸ್‌ಟಿ ಸಂಖ್ಯೆಯಿಲ್ಲದ ಗ್ರಾಹಕರ ಒಂದು ಬಿಲ್ಲು, ರದ್ದಾದ ಒಂದು ಬಿಲ್ಲು, ಈ ಮೂರನ್ನು ನಮೂದಿಸಿ ನೋಡಬೇಕು. ಒಟ್ಟು 3, ರದ್ದು 1, ನಿವ್ವಳ 2 ಎಂದು ಬರದಿದ್ದರೆ, ಲೆಕ್ಕಪತ್ರ ಸಲ್ಲಿಸುವ ಮೊದಲೇ ಪ್ರೋಗ್ರಾಮರನ್ನು ಕರೆಸಿ ವಿಚಾರಿಸುವುದು ವರ್ತಕರಿಗೆ ಹಿತ.